ಮುಪ್ಪಿನ ಕಣ್ಣಿನ ಗಾಯ

ನಮ್ಮ ಅಜ್ಜಿಗೆ ಎಪ್ಪತ್ತು ದಾಟಿದ ಮೇಲೆ ಒಂದು ಸುಗ್ಗಿಯಲ್ಲಿ ಭತ್ತದ ಸುಂಕು ಕಣ್ಣಿಗೆ ಬಿತ್ತು. ಅದೇ ಕಣದಲ್ಲಿ, ಅದೇ ವಾರ, ನಮ್ಮ ಓರಗೆಯ ಹುಡುಗನೊಬ್ಬನಿಗೂ ಬಿದ್ದಿತ್ತು. ಹುಡುಗ ಇಡೀ ಕೇರಿಗೆ ಕೇಳುವಂತೆ ಕಿರುಚಿದ. ಅವನಪ್ಪ ಅವನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಡಾಕ್ಟರರ ಬಳಿಗೆ ಓಡಿದ. ಮೂರನೆಯ ದಿನಕ್ಕೆ ಹುಡುಗ ಗೋಲಿ ಆಡುತ್ತಿದ್ದ. ಅಜ್ಜಿ ಕಿರುಚಲಿಲ್ಲ. ಏನೋ ಕರಕರ ಅನ್ನುತ್ತಿದೆ ಎಂದು ಸೆರಗಿನ ತುದಿಯಿಂದ ಒರೆಸಿಕೊಂಡರು, ಮತ್ತೆ ಮೊರ ಹಿಡಿದು ಕುಳಿತರು. ಎಂಟು ದಿನದ ಮೇಲೆ ಕಣ್ಣು ಕೆಂಪಾಗಿ, ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳುಪು ಕಾಣಿಸಿಕೊಂಡಿತು. ಆಗಲೂ ಮನೆಯ ದೊಡ್ಡವರು ಹೇಳಿದ್ದು ಒಂದೇ ಮಾತು: ವಯಸ್ಸಾಯಿತಲ್ಲ, ಇನ್ನು ಗಾಯ ಎಲ್ಲಿ ಮಾಯುತ್ತದೆ?

ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಗಾಯವೇನೋ ಮಾಯಿತು. ಆದರೆ ಬಿಳಿ ಕಲೆ ಉಳಿಯಿತು, ಆ ಕಣ್ಣಿನ ನೋಟ ಹೋಯಿತು. ಅಂಥ ಕಲೆಗೆ ಮನೆಯ ಉರ್ದುವಿನಲ್ಲಿ ‘ಫೂಲಿ’ ಎನ್ನುತ್ತಿದ್ದರು. ಕೇರಿಯ ಕನ್ನಡದಲ್ಲಿ ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಿದ್ದರು. ಎರಡು ಭಾಷೆಯವರೂ ಒಂದು ಕುರುಡಿಗೆ ಹೂವಿನ ಹೆಸರನ್ನೇ ಇಟ್ಟಿದ್ದಾರೆ.

ದೇವರು ಮದ್ದಿಲ್ಲದ ಕಾಯಿಲೆಯನ್ನು ಸೃಷ್ಟಿಸಿಲ್ಲ, ಮುಪ್ಪೊಂದನ್ನು ಬಿಟ್ಟು ಎಂಬ ಅರ್ಥದ ಪ್ರವಾದಿವಚನ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತು. ಇದನ್ನು ನಮ್ಮ ಮನೆಗಳಲ್ಲಿ ಅರ್ಧ ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಮುಪ್ಪಿಗೆ ಮದ್ದಿಲ್ಲ, ನಿಜ. ಆದರೆ ಮುದುಕರ ಗಾಯ ಮುಪ್ಪಲ್ಲ, ಅದು ಗಾಯ. ಮುದಿ ಕಣ್ಣಿನ ಗಾಯ ಮಾಯುತ್ತದೆಯೇ, ಎಳೆಯ ಕಣ್ಣಿನಂತೆ ಮಾಯುತ್ತದೆಯೇ ಎಂಬ ಪ್ರಶ್ನೆಯನ್ನು ವೈದ್ಯರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇರೆ ಬೇರೆ ರೀತಿಯಲ್ಲಿ ಎದುರಿಸಿದ್ದಾರೆ. ನಾವು ವೈದ್ಯರಲ್ಲ, ಕತೆ ಬರೆಯುವವರು. ಆದರೂ ಈ ಚರಿತ್ರೆ ಎಲ್ಲರ ಮನೆಗೂ ಸಂಬಂಧಪಟ್ಟದ್ದು ಎಂದು ತೋರಿದ್ದರಿಂದ ತಿಳಿದಷ್ಟನ್ನು ಇಲ್ಲಿ ಹೇಳುತ್ತಿದ್ದೇವೆ.

ಕೊಂಬಿನ ಪದರ

ಕಣ್ಣಿನ ಕರಿಗುಡ್ಡೆಯ ಮೇಲೆ, ಗಡಿಯಾರದ ಮೇಲಿನ ಗಾಜಿನಂತೆ ಕೂತಿರುವ ಪಾರದರ್ಶಕ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ಉರ್ದು ಶಾಲೆಯಲ್ಲಿ ನಾವು ಓದಿದ್ದು ‘ಕರ್ನಿಯಾ’ ಎಂದು. ಮುಂದೆ ಕನ್ನಡ ಪುಸ್ತಕದಲ್ಲಿ ‘ಕಾರ್ನಿಯಾ’ ಎಂಬುದನ್ನು ಕಂಡಾಗ, ಉರ್ದುವಿನವರು ಇಂಗ್ಲಿಷಿನಿಂದ ತೆಗೆದುಕೊಂಡಿರಬೇಕು ಎಂದೇ ಭಾವಿಸಿದ್ದೆವು. ಅದು ತಪ್ಪು. ಅರಬ್ಬಿಯಲ್ಲಿ ‘ಕರ್ನ್’ ಎಂದರೆ ಕೊಂಬು. ಲ್ಯಾಟಿನ್ನಿನಲ್ಲಿ ‘ಕಾರ್ನು’ ಎಂದರೂ ಕೊಂಬೇ. ಗ್ರೀಕ್ ವೈದ್ಯರು ಈ ಪದರವನ್ನು ಕೊಂಬಿನಂಥದ್ದು ಎಂದು ಕರೆದಿದ್ದರು. ತೆಳ್ಳಗೆ ಹೆರೆದ ಕೊಂಬಿನ ಹಾಳೆಯಲ್ಲಿ ಬೆಳಕು ಹಾಯುತ್ತದೆಯಲ್ಲ, ಅದೇ ಹೋಲಿಕೆ. ಆ ಗ್ರೀಕ್ ಮಾತು ಒಂದು ದಾರಿಯಲ್ಲಿ ಬಗ್ದಾದಿಗೆ ಹೋಗಿ ಕರ್ನಿಯಾ ಆಯಿತು, ಇನ್ನೊಂದು ದಾರಿಯಲ್ಲಿ ಯುರೋಪಿಗೆ ಹೋಗಿ ಕಾರ್ನಿಯಾ ಆಯಿತು.

ಬಗ್ದಾದಿನ ದಾರಿಯನ್ನು ಹಾಕಿಕೊಟ್ಟವರಲ್ಲಿ ಮುಖ್ಯನಾದವನು ಹುನೈನ್ ಇಬ್ನ್ ಇಸ್‌ಹಾಕ್. ಕ್ರೈಸ್ತನಾದ ಈತ ಅಬ್ಬಾಸಿ ಖಲೀಫರ ಆಶ್ರಯದಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಅರಬ್ಬಿ ಮತ್ತು ಸಿರಿಯಾಕ್ ಭಾಷೆಗಳಿಗೆ ತಂದವನು. 873ರ ಸುಮಾರಿಗೆ ತೀರಿಕೊಂಡ. ಕಣ್ಣಿನ ಬಗೆಗಿನ ಅವನ ಹತ್ತು ಪ್ರಬಂಧಗಳ ಪುಸ್ತಕ ಆ ವಿಷಯದ ಅತ್ಯಂತ ಹಳೆಯ ವ್ಯವಸ್ಥಿತ ಗ್ರಂಥಗಳಲ್ಲೊಂದು. ಅವನ ನಂತರ ಬಂದ ಬಗ್ದಾದಿನ ಅಲಿ ಇಬ್ನ್ ಈಸಾ ಬರೆದ ‘ತಜ್ಕಿರತುಲ್ ಕಹ್ಹಾಲೀನ್’ ಹಲವು ಶತಮಾನಗಳವರೆಗೆ ಕಣ್ಣಿನ ವೈದ್ಯರ ಕೈಪಿಡಿಯಾಗಿತ್ತು. ಕಹ್ಹಾಲ್ ಎಂದರೆ ಕಣ್ಣಿಗೆ ಕಾಡಿಗೆ ಹಚ್ಚುವವನು, ಅಂದರೆ ಕಣ್ಣಿನ ವೈದ್ಯ. ಕಾರ್ನಿಯಾದ ಹುಣ್ಣುಗಳಲ್ಲಿ ಮೇಲ್ಪದರದವು ಬೇರೆ, ಆಳದವು ಬೇರೆ ಎಂದು ಈ ಪರಂಪರೆಯ ವೈದ್ಯರು ಬೇರ್ಪಡಿಸಿದ್ದರು. ಮೇಲಿನ ಗಾಯ ಕಲೆಯಿಲ್ಲದೆ ಮಾಯುತ್ತದೆ, ಆಳದ ಗಾಯ ಹೂವನ್ನು ಉಳಿಸಿ ಹೋಗುತ್ತದೆ. ಇದು ಇಂದಿಗೂ ಸುಳ್ಳಾಗಿಲ್ಲ.

ಮುಪ್ಪಿನ ಬಗ್ಗೆ ಆ ಕಾಲದವರಿಗೆ ಒಂದು ಸಿದ್ಧಾಂತವಿತ್ತು. ದೇಹಕ್ಕೆ ಬಿಸಿ, ತಂಪು, ತೇವ, ಒಣ ಎಂಬ ನಾಲ್ಕು ಗುಣಗಳಿವೆ, ವಯಸ್ಸಾದಂತೆ ದೇಹ ತಂಪಾಗುತ್ತದೆ ಮತ್ತು ಒಣಗುತ್ತದೆ ಎಂದು ಇಬ್ನ್ ಸೀನಾನೂ ಬರೆದಿದ್ದಾನೆ. ನಮ್ಮ ಊರಿನ ಯುನಾನಿ ಹಕೀಮರು ಹೇಳುತ್ತಿದ್ದುದೂ ಇದನ್ನೇ. ಈ ಸಿದ್ಧಾಂತವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಮುದಿ ಕಣ್ಣು ಒಣಗುತ್ತದೆ ಎಂಬ ಅವರ ಗಮನಿಕೆ ಮಾತ್ರ ಸರಿಯೇ ಇತ್ತು. ಕಣ್ಣೀರು ಬರೀ ಅಳುವಿಗಲ್ಲ, ಅದು ಕಾರ್ನಿಯಾದ ಮೇಲ್ಪದರವನ್ನು ತೊಳೆಯುತ್ತದೆ, ಉಣಿಸುತ್ತದೆ. ವಯಸ್ಸಾದಂತೆ ಅನೇಕರಲ್ಲಿ ಅದು ಕಡಿಮೆಯಾಗುತ್ತದೆ ಅಥವಾ ಬೇಗ ಆರಿಹೋಗುತ್ತದೆ.

ಕತ್ತಿಗೆ ಅಂಜಿದ ಕಾಲ

ಮುದಿ ಕಾರ್ನಿಯಾದ ಗಾಯದ ನಿಜವಾದ ಪರೀಕ್ಷೆ ನಡೆದದ್ದು ಅಪಘಾತಗಳಲ್ಲಿ ಅಲ್ಲ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ. ಪೊರೆ ಬರುವುದು ಹೆಚ್ಚಾಗಿ ಮುದುಕರಿಗೆ. ಅದನ್ನು ಹೊರತೆಗೆಯಬೇಕಾದರೆ ಕಣ್ಣನ್ನು ಕತ್ತರಿಸಬೇಕು. ಸುಶ್ರುತನಿಂದ ಹಿಡಿದು ಅರಬ್ ವೈದ್ಯರವರೆಗೆ ಯಾರೂ ಕಾರ್ನಿಯಾವನ್ನು ದೊಡ್ಡದಾಗಿ ಕತ್ತರಿಸುವ ಧೈರ್ಯ ಮಾಡಲಿಲ್ಲ. ಪಕ್ಕದಿಂದ ಸೂಜಿ ತೂರಿಸಿ ಪೊರೆಯನ್ನು ಕಣ್ಣಿನೊಳಗೇ ಕೆಳಕ್ಕೆ ತಳ್ಳುತ್ತಿದ್ದರು. ಮೋಸುಲ್‌ನಿಂದ ಈಜಿಪ್ಟಿಗೆ ಹೋಗಿ ಖಲೀಫ ಹಾಕಿಮನ ಕಾಲದಲ್ಲಿ, ಅಂದರೆ ಕ್ರಿ.ಶ. 1000ದ ಆಸುಪಾಸಿನಲ್ಲಿ ಬದುಕಿದ್ದ ಅಮ್ಮಾರ್ ಇಬ್ನ್ ಅಲಿ ಟೊಳ್ಳು ಸೂಜಿಯೊಂದನ್ನು ಮಾಡಿ ಮೆತ್ತಗಿನ ಪೊರೆಯನ್ನು ಹೀರಿ ತೆಗೆಯುವ ಕ್ರಮವನ್ನು ಬರೆದಿಟ್ಟ. ಗಾಯ ಎಷ್ಟು ಚಿಕ್ಕದೋ ಅಷ್ಟು ಕ್ಷೇಮ ಎಂಬ ಬುದ್ಧಿ ಅದರಲ್ಲಿತ್ತು.

1747ರಲ್ಲಿ ಫ್ರಾನ್ಸಿನ ಝಾಕ್ ದಾವಿಯೆಲ್ ಆ ಅಂಜಿಕೆಯನ್ನು ಮುರಿದ. ಕಾರ್ನಿಯಾದ ಕೆಳಗಿನ ಅಂಚಿನುದ್ದಕ್ಕೂ ಕತ್ತರಿಸಿ, ಮುಚ್ಚಳದಂತೆ ಎತ್ತಿ, ಪೊರೆಯನ್ನು ಹೊರಗೆ ತೆಗೆದ. 1753ರಲ್ಲಿ ಅವನ ವರದಿ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಆಗ ಅರಿವಳಿಕೆ ಇರಲಿಲ್ಲ, ಕಣ್ಣಿಗೆ ಕೊಕೇನ್ ಹನಿಸಿ ಮರಗಟ್ಟಿಸುವುದನ್ನು ಕಾರ್ಲ್ ಕೊಲರ್ ತೋರಿಸಿಕೊಟ್ಟದ್ದು 1884ರಲ್ಲಿ. ಹೊಲಿಗೆಯೂ ಇರಲಿಲ್ಲ. ಮುಚ್ಚಳವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ಪಟ್ಟಿ ಕಟ್ಟಿ, ರೋಗಿಯನ್ನು ಅಲುಗಾಡದಂತೆ ಮಲಗಿಸುತ್ತಿದ್ದರು. ಇಷ್ಟಾದರೂ ಅನೇಕ ಮುದುಕರ ಕಾರ್ನಿಯಾ ಕೂಡಿಕೊಂಡಿತು. ಬೆಸೆಯುವವನು ವೈದ್ಯನಲ್ಲ, ಕಣ್ಣೇ ತನ್ನನ್ನು ತಾನು ಬೆಸೆದುಕೊಳ್ಳುತ್ತದೆ ಎಂಬುದು ಅಲ್ಲಿ ಗೊತ್ತಾಯಿತು.

ಇದಕ್ಕೆ ಬೆಲೆ ಇರಲಿಲ್ಲವೆಂದಲ್ಲ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಅದು ಪಾರದರ್ಶಕವಾಗಿರುತ್ತಿರಲಿಲ್ಲ. ಕೈಗೆ ಗಾಯವಾದರೆ ರಕ್ತ ಬಂದು ಹೆಪ್ಪುಗಟ್ಟಿ ಕೆಲಸ ಶುರುವಾಗುತ್ತದೆ, ಕಣ್ಣಿನಲ್ಲಿ ಆ ಅನುಕೂಲ ಇಲ್ಲ. ಅದರ ಮಧ್ಯದ ದಪ್ಪ ಪದರ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು, ಮೊದಲಿನ ಬಲ ಪೂರ್ತಿ ಬರುವುದೂ ಇಲ್ಲ. ಇಪ್ಪತ್ತನೆಯ ಶತಮಾನ ಅರ್ಧ ಕಳೆಯುವವರೆಗೂ ಪೊರೆ ತೆಗೆಸಿಕೊಂಡವರ ತಲೆಯ ಎರಡು ಬದಿಗೆ ಮರಳಿನ ಚೀಲವಿಟ್ಟು ದಿನಗಟ್ಟಲೆ ಮಲಗಿಸುತ್ತಿದ್ದರು. ಕೆಮ್ಮಬಾರದು, ಮುಕ್ಕಬಾರದು, ನಮಾಜಿನ ಸಜ್ದಾಕ್ಕೆ ಬಾಗಬಾರದು.

ಕರ್ನಾಟಕದಲ್ಲಿ ಈ ಮಾತು ಬಂದಾಗ ಡಾ. ಎಂ.ಸಿ. ಮೋದಿಯವರನ್ನು ನೆನೆಯದೆ ಇರಲಾಗದು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಅವರು ಊರೂರಿಗೆ ಶಿಬಿರ ಕೊಂಡೊಯ್ದು, ಶಾಲೆಗಳಲ್ಲೂ ಛತ್ರಗಳಲ್ಲೂ ಸಾಲಾಗಿ ಮಲಗಿಸಿದ ಮುದುಕ ಮುದುಕಿಯರ ಪೊರೆ ತೆಗೆದರು. 2005ರಲ್ಲಿ ತೀರಿಕೊಂಡರು. ಅವರ ಶಿಬಿರಗಳಲ್ಲಿ ಹಸಿರು ಪಟ್ಟಿ ಕಟ್ಟಿಕೊಂಡು ಕೂತ ಲಕ್ಷಾಂತರ ಬಡವರು ಹೆಚ್ಚಿನವರು ವಯಸ್ಸಾದವರೇ. ಮುದಿ ಕಾರ್ನಿಯಾದ ಗಾಯ ಮಾಯುವುದಿಲ್ಲ ಎಂಬುದು ನಿಜವಾಗಿದ್ದರೆ ಆ ಶಿಬಿರಗಳಿಗೆ ಅರ್ಥವೇ ಇರುತ್ತಿರಲಿಲ್ಲ. ಇಂದು ಪೊರೆ ತೆಗೆಯುವ ಸೀಳು ಮೂರು ಮಿಲಿಮೀಟರಿಗಿಂತ ಚಿಕ್ಕದಾಗಿ, ಹೊಲಿಗೆಯಿಲ್ಲದೆ ತಾನೇ ಮುಚ್ಚಿಕೊಳ್ಳುವಷ್ಟರ ಮಟ್ಟಿಗೆ ಬಂದಿದೆ. ಅಮ್ಮಾರನ ಬುದ್ಧಿಯೇ ಸಾವಿರ ವರ್ಷದ ನಂತರ ಗೆದ್ದಿತೆನ್ನಬಹುದು.

ಅಂಚಿನಲ್ಲಿರುವ ಬೇರು

ವಯಸ್ಸಾದವರ ಕರಿಗುಡ್ಡೆಯ ಸುತ್ತ ಬೂದುಬಿಳಿಯ ಉಂಗುರವೊಂದು ಕಾಣುತ್ತದೆ. ಅದನ್ನು ಕುರಿತು ಲಂಡನ್ನಿನ ಎಡ್ವಿನ್ ಕ್ಯಾಂಟನ್ 1863ರಲ್ಲಿ ಒಂದು ಪುಸ್ತಕವನ್ನೇ ಬರೆದ. ಕಾರ್ನಿಯಾ ಅಂಚಿನಿಂದ ಕೊಬ್ಬಾಗಿ ಕೆಡುತ್ತಿದೆ, ಇದು ಒಳಗಿನ ಅಂಗಗಳ ಕೇಡಿನ ಗುರುತು ಎಂಬುದು ಅವನ ವಾದ. ಉಂಗುರ ಕೊಬ್ಬಿನದೆಂಬುದು ನಿಜ. ಆದರೆ ಅಂಚು ಸತ್ತಿದೆ ಎಂಬುದು ನಿಜವಲ್ಲ. ಪೊರೆ ತೆಗೆಯುವ ಸೀಳು ಬೀಳುತ್ತಿದ್ದುದೇ ಆ ಅಂಚಿನ ಬಳಿ, ಅದು ಕೂಡಿಕೊಳ್ಳುತ್ತಲೂ ಇತ್ತು.

ಅಂಚು ಸತ್ತ ಜಾಗವಲ್ಲ, ಬೇರಿನ ಜಾಗ ಎಂಬುದು ತಿಳಿಯಲು ಮತ್ತೆ ನೂರು ವರ್ಷ ಹಿಡಿಯಿತು. ಸ್ವೀಡನ್ನಿನ ಗುಲ್‌ಸ್ಟ್ರಾಂಡ್ 1911ರಲ್ಲಿ ಕಂಡುಹಿಡಿದ ಸೀಳುದೀಪದ ಬೆಳಕಿನಲ್ಲಿ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಫೋಗ್ಟ್ ಕರಿಗುಡ್ಡೆಗೂ ಬಿಳಿಗುಡ್ಡೆಗೂ ನಡುವಿನ ಗಡಿಯಲ್ಲಿ ಬೇಲಿಯ ಗೂಟಗಳಂತೆ ನಿಂತ ಸಣ್ಣ ಗೆರೆಗಳನ್ನು ವಿವರವಾಗಿ ಬಣ್ಣಿಸಿದ. ಅವು ಯಾಕಿವೆ ಎಂದು ಆಗ ಗೊತ್ತಿರಲಿಲ್ಲ. 1971ರಲ್ಲಿ ನಾರ್ವೆಯ ದಾವಾಂಗರ್ ಮತ್ತು ಎವೆನ್ಸೆನ್ ಎಂಬ ಇಬ್ಬರು ಒಂದು ಸುಳಿವು ಹಿಡಿದರು. ಕಪ್ಪು ಬಣ್ಣ ಹೆಚ್ಚಿರುವ ಕಣ್ಣುಗಳಲ್ಲಿ ಗಾಯ ಮಾಯುವಾಗ ಕಪ್ಪು ಎಳೆಗಳು ಅಂಚಿನಿಂದ ನಡುವಿಗೆ ಸರಿಯುತ್ತಿದ್ದವು. ಅಂದರೆ ಗಾಯ ಮುಚ್ಚುವ ಕಣಗಳು ಅಂಚಿನ ಆ ಬೇಲಿಯಿಂದ ಬರುತ್ತಿದ್ದವು. ತಿಳಿಗಣ್ಣಿನಲ್ಲಿ ಕಾಣದ ಸತ್ಯವನ್ನು ಕರಿಗಣ್ಣು ತೋರಿಸಿಕೊಟ್ಟಿತು. 1986 ಮತ್ತು 1989ರಲ್ಲಿ ಅಮೆರಿಕದ ಟಂಗ್‌ಟಿಯನ್ ಸನ್ ಮತ್ತು ಜೊತೆಗಾರರು ಕಾರ್ನಿಯಾದ ಮೇಲ್ಪದರದ ಮೂಲಕಣಗಳು ಇರುವುದು ಈ ಗಡಿಯಲ್ಲೇ ಎಂದು ಪ್ರಯೋಗಗಳಿಂದ ತೋರಿಸಿದರು.

ಇಲ್ಲಿಂದ ಮುಪ್ಪಿನ ಪ್ರಶ್ನೆಗೆ ಒಂದು ಖಚಿತ ಉತ್ತರ ಸಿಗತೊಡಗಿತು. ಕಾರ್ನಿಯಾದ ಮೇಲ್ಪದರ ಐದಾರು ಸಾಲು ಕಣಗಳ ಗೋಡೆ. ಅದು ಒಂದು ವಾರ ಹತ್ತು ದಿನದಲ್ಲಿ ತನ್ನನ್ನು ತಾನೇ ಹೊಸದಾಗಿಸಿಕೊಳ್ಳುತ್ತಿರುತ್ತದೆ. ಗೀಚುಗಾಯವಾದಾಗ ಮೊದಲು ಸುತ್ತಲಿನ ಕಣಗಳು ಚಪ್ಪಟೆಯಾಗಿ ಜಾರಿಬಂದು ಬರಿದಾದ ನೆಲವನ್ನು ಮುಚ್ಚುತ್ತವೆ. ಆಮೇಲೆ ಅಂಚಿನಿಂದ ಹೊಸ ಕಣಗಳು ಬಂದು ಗೋಡೆಯನ್ನು ದಪ್ಪ ಮಾಡುತ್ತವೆ. ಕೊನೆಗೆ ಕೆಳಗಿನ ತೆಳುಪೊರೆಗೆ ಅವು ಬಿಗಿಯಾಗಿ ಅಂಟಿಕೊಳ್ಳಬೇಕು. ವಯಸ್ಸಾದಂತೆ ಅಂಚಿನ ಬೇಲಿಯ ಗೆರೆಗಳು ಮಸುಕಾಗುತ್ತವೆ, ಕೆಳಗಿನ ಪೊರೆ ದಪ್ಪಗಾಗುತ್ತದೆ, ಅಂಟು ಸಡಿಲವಾಗುತ್ತದೆ. ಸಿಹಿಮೂತ್ರ ರೋಗವಿದ್ದರೆ ಇನ್ನೂ ಸಡಿಲ. ಅದಕ್ಕೇ ಮುದುಕರಲ್ಲಿ ಕೆಲವೊಮ್ಮೆ ಮಾಯ್ದ ಗಾಯದ ಮೇಲ್ಪದರ ತಿಂಗಳ ನಂತರ ಬೆಳಗ್ಗೆ ಕಣ್ಣು ತೆರೆಯುವಾಗ ರೆಪ್ಪೆಯ ಜೊತೆ ಕಿತ್ತುಬರುತ್ತದೆ. ಹುಡುಗನಿಗೆ ಎರಡು ಮೂರು ದಿನದಲ್ಲಿ ಮುಗಿಯುವ ಕೆಲಸ ಅಜ್ಜಿಗೆ ಹೆಚ್ಚು ದಿನ ಹಿಡಿಯಬಹುದು. ಆದರೆ ಬೇರು ಒಣಗಿಲ್ಲ. ಕೆಲಸ ನಿಂತಿಲ್ಲ, ನಿಧಾನವಾಗಿದೆ ಅಷ್ಟೆ.

ಬೇರೇ ಸುಟ್ಟುಹೋದಾಗಲೂ ದಾರಿಯಿದೆ. 1997ರಲ್ಲಿ ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ ಮತ್ತು ಮಿಕೆಲೆ ದೆ ಲೂಕಾ ರೋಗಿಯ ಒಳ್ಳೆಯ ಕಣ್ಣಿನ ಅಂಚಿನಿಂದ ಚೂರು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಸುಟ್ಟ ಕಣ್ಣಿಗೆ ಹಚ್ಚಿದ್ದನ್ನು ವರದಿ ಮಾಡಿದರು. 2012ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೀರೇಂದ್ರ ಸಾಂಗ್ವಾನ್ ಮತ್ತು ತಂಡ ಪ್ರಯೋಗಾಲಯವೂ ಬೇಡವೆಂದು ತೋರಿಸಿತು. ಎರಡು ಮಿಲಿಮೀಟರಿನ ಚೂರನ್ನು ಇನ್ನೂ ಸಣ್ಣ ತುಣುಕು ಮಾಡಿ, ಹೆರಿಗೆಯ ನಂತರ ಸಿಗುವ ಗರ್ಭಪೊರೆಯ ಹಾಸಿನ ಮೇಲೆ ಕಣ್ಣಿನಲ್ಲೇ ನೆಡುವ ಕ್ರಮ ಅದು. ಮಡಿಯಲ್ಲಿ ಪೈರು ನಾಟಿ ಮಾಡಿದ ಹಾಗೆ.

ಕೂಗದ ಕಣ್ಣು

ಈ ಚರಿತ್ರೆಯಲ್ಲಿ ನಮ್ಮನ್ನು ಹೆಚ್ಚು ತಟ್ಟಿದ್ದು ನರಗಳ ಭಾಗ. ನಮ್ಮ ದೇಹದಲ್ಲಿ ಕಾರ್ನಿಯಾದಷ್ಟು ನರಗಳು ಕಿಕ್ಕಿರಿದ ಜಾಗ ಬೇರೆ ಸಿಗುವುದು ಕಷ್ಟ. ಧೂಳಿನ ಕಣ ಬಿದ್ದರೂ ಪ್ರಾಣ ಹೋದಂತಾಗುವುದು ಅದಕ್ಕೇ. 1894ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೇ ಕುದುರೆಯ ಕೂದಲನ್ನು ಕಡ್ಡಿಯ ತುದಿಗೆ ಕಟ್ಟಿ ಕಾರ್ನಿಯಾವನ್ನು ಮೆಲ್ಲಗೆ ಮುಟ್ಟಿ ಅದರ ಸೂಕ್ಷ್ಮತೆಯನ್ನು ಅಳೆದ. ಮುಂದೆ ಕೂದಲಿನ ಬದಲು ನೈಲಾನ್ ಎಳೆ ಬಂತು. 1977ರಲ್ಲಿ ಮಿಶೆಲ್ ಮಿಲೊದೊ ಬೇರೆ ಬೇರೆ ವಯಸ್ಸಿನವರ ಕಣ್ಣುಗಳನ್ನು ಹೀಗೆ ಅಳೆದು, ವಯಸ್ಸಾದಂತೆ ಸೂಕ್ಷ್ಮತೆ ಇಳಿಯುತ್ತದೆ, ಬದುಕಿನ ಎರಡನೆಯ ಅರ್ಧದಲ್ಲಿ ಆ ಇಳಿಕೆ ಚುರುಕಾಗುತ್ತದೆ ಎಂದು ಪ್ರಕಟಿಸಿದ.

ಇದನ್ನು ಓದಿದಾಗ ನಮಗೆ ಅಜ್ಜಿಯ ಕಣ್ಣು ನೆನಪಾಯಿತು. ಅವರು ಕಿರುಚಲಿಲ್ಲ ಎಂಬುದನ್ನು ಮನೆಯವರೆಲ್ಲ ತಾಳ್ಮೆ ಎಂದುಕೊಂಡಿದ್ದೆವು. ತಾಳ್ಮೆಯೂ ಇತ್ತು. ಆದರೆ ಆ ಕಣ್ಣಿಗೆ ಕೂಗುವ ಶಕ್ತಿಯೇ ಕಡಿಮೆಯಾಗಿತ್ತು. ಹುಡುಗನ ನೋವು ಅವನನ್ನು ಸೈಕಲ್ಲಿಗೆ ಹತ್ತಿಸಿತು. ಅಜ್ಜಿಯ ನೋವು ಸೆರಗಿನಲ್ಲೇ ಉಳಿಯಿತು.

ನರಗಳ ಕೆಲಸ ನೋವು ತಿಳಿಸುವುದಷ್ಟೇ ಅಲ್ಲ. ಅವು ಕಣಗಳನ್ನು ಬೆಳೆಸುವ ರಸಗಳನ್ನೂ ಕೊಡುತ್ತವೆ, ಕಣ್ಣೀರನ್ನೂ ತರಿಸುತ್ತವೆ. ನರ ಬಡವಾದರೆ ಗಾಯ ನೀರಿಲ್ಲದ, ಗೊಬ್ಬರವಿಲ್ಲದ ನೆಲವಾಗುತ್ತದೆ. ಇಟಲಿಯ ರೀತಾ ಲೆವಿ ಮೊಂತಾಲ್ಚೀನಿ ನರಬೆಳವಣಿಗೆಯ ರಸವನ್ನು ಕಂಡುಹಿಡಿದದ್ದಕ್ಕೆ 1986ರಲ್ಲಿ ನೊಬೆಲ್ ಪಡೆದರು. 1998ರಲ್ಲಿ ಇಟಲಿಯ ವೈದ್ಯರು ಅದೇ ರಸವನ್ನು ಕಣ್ಣಿಗೆ ಹನಿಸಿ, ನರ ಸತ್ತು ಮಾಯದೇ ಉಳಿದಿದ್ದ ಕಾರ್ನಿಯಾದ ಹುಣ್ಣುಗಳು ಮಾಯ್ದದ್ದನ್ನು ವರದಿ ಮಾಡಿದರು. 2017ರಲ್ಲಿ ಯುರೋಪು, 2018ರಲ್ಲಿ ಅಮೆರಿಕ ಇಂಥ ಹನಿಮದ್ದಿಗೆ ಒಪ್ಪಿಗೆ ಕೊಟ್ಟವು. ಲೆವಿ ಮೊಂತಾಲ್ಚೀನಿ 1909ರಲ್ಲಿ ಹುಟ್ಟಿ 2012ರವರೆಗೆ, 103 ವರ್ಷ ಬದುಕಿದವರು. ಮುಪ್ಪು ಎಂದರೆ ಮುಗಿದಂತೆ ಎನ್ನುವವರು ಅವರನ್ನು ನೆನೆಯಬೇಕು.

ಆ ಹನಿಮದ್ದು ದುಬಾರಿ, ಬಡವರಿಗೆ ದೂರದ ಮಾತು. ಬಡವರಿಗೆ ಹತ್ತಿರದ ಪಾಠ ಬಂದದ್ದು ನೇಪಾಳದಿಂದ. ಭಕ್ತಪುರ ಜಿಲ್ಲೆಯಲ್ಲಿ ಮದನ್ ಉಪಾಧ್ಯಾಯ ಮತ್ತು ಜೊತೆಗಾರರು ಎರಡು ವರ್ಷ ಹಳ್ಳಿಯ ಆರೋಗ್ಯ ಕಾರ್ಯಕರ್ತರನ್ನು ತಯಾರು ಮಾಡಿ, ಕಣ್ಣಿಗೆ ಗೀಚುಗಾಯ ಆದವರಿಗೆ ಕೂಡಲೇ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿಸಿದರು. 2001ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಗೀಚುಗಾಯಕ್ಕೆ ಮುಲಾಮು ಪಡೆದ 442 ಮಂದಿಯಲ್ಲಿ ಶೇಕಡಾ 96 ಮಂದಿಗೆ ಗಾಯ ಕೀವಾಗದೆ ಮಾಯಿತು. 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತಡವಾಗಿ ಬಂದವರಲ್ಲಿ ಕೆಲವರಿಗೆ ಹುಣ್ಣಾಯಿತು. ಇಡೀ ವಿಷಯ ನಿಂತಿರುವುದು ಆ ಮೊದಲ ದಿನದ ಮೇಲೆ. ಕೂಗುವ ಕಣ್ಣಿಗೆ ಆ ದಿನ ಸಿಗುತ್ತದೆ, ಕೂಗದ ಕಣ್ಣಿಗೆ ಸಿಗುವುದಿಲ್ಲ. ಆದ್ದರಿಂದ ಮುದುಕರ ಕಣ್ಣಿಗೆ ಏನಾದರೂ ಬಿದ್ದಾಗ ನೋವು ಎಷ್ಟಿದೆ ಎಂದು ಕೇಳಿ ಸುಮ್ಮನಾಗಬಾರದು, ಅದೇ ದಿನ ತೋರಿಸಬೇಕು. ನಾಲಿಗೆಯಿಂದ ಕಸ ತೆಗೆಸುವುದು, ಸೊಪ್ಪಿನ ರಸ ಹಿಂಡುವುದು, ಯಾರಿಗೋ ಬರೆದುಕೊಟ್ಟಿದ್ದ ಹಳೆಯ ಸ್ಟೆರಾಯ್ಡ್ ಹನಿ ಹಾಕುವುದು ಮುದಿ ಕಣ್ಣಿಗೆ ಮಾಡುವ ದ್ರೋಹ. ಭತ್ತದ ಸುಂಕು, ಕಬ್ಬಿನ ಗರಿಯ ಗಾಯದಲ್ಲಿ ಬೂಷ್ಟು ಬೆಳೆಯುವ ಅಪಾಯವೂ ಇದೆ. ಆ ಸ್ಟೆರಾಯ್ಡ್ ಹನಿ ಬೂಷ್ಟಿಗೆ ಗೊಬ್ಬರವಾಗುತ್ತದೆ.

ಬಾಲಕನ ಕಣ್ಣು, ಕೂಲಿಯವನ ನೋಟ

ಕಾರ್ನಿಯಾದ ಕಲೆ ನೋಟವನ್ನು ನುಂಗಿದ ಮೇಲೆ ಉಳಿಯುವ ದಾರಿ ಬೇರೆಯವರ ಕಾರ್ನಿಯಾ ಕೂರಿಸುವುದು. ಅದು ಮೊದಲು ಫಲಿಸಿದ್ದು 1905ರ ಡಿಸೆಂಬರ್ 7ರಂದು, ಇಂದು ಚೆಕ್ ದೇಶದಲ್ಲಿರುವ ಓಲೊಮೋತ್ಸ್ ಪಟ್ಟಣದಲ್ಲಿ. ಅಲೋಯಿಸ್ ಗ್ಲೋಗರ್ ಎಂಬ 45 ವರ್ಷದ ಕೂಲಿಯವನ ಎರಡೂ ಕಣ್ಣು ಸುಣ್ಣ ಅರಳಿಸುವಾಗ ಸುಟ್ಟಿದ್ದವು. ಅದೇ ಹೊತ್ತಿಗೆ ಕಬ್ಬಿಣದ ಚೂರು ಹೊಕ್ಕು ಕಣ್ಣು ಕಳೆದುಕೊಂಡ 11 ವರ್ಷದ ಬಾಲಕನೊಬ್ಬ ಬಂದ. ಅವನ ಕಣ್ಣನ್ನು ತೆಗೆಯಲೇಬೇಕಿತ್ತು. ವೈದ್ಯ ಎಡುವರ್ಡ್ ಝಿರ್ಮ್ ಅದರ ಕಾರ್ನಿಯಾದಿಂದ ಎರಡು ಬಿಲ್ಲೆ ಕತ್ತರಿಸಿ ಗ್ಲೋಗರನ ಎರಡು ಕಣ್ಣಿಗೂ ಕೂರಿಸಿದ. ಒಂದು ಕೆಟ್ಟಿತು, ಇನ್ನೊಂದು ತಿಳಿಯಾಗಿ ಉಳಿಯಿತು. ಗ್ಲೋಗರ್ ಮತ್ತೆ ಕೆಲಸಕ್ಕೆ ಹೋದ.

ಈ ಗೆಲುವಿನ ಜೊತೆಗೆ ಎಳೆಯ ಕಣ್ಣೇ ಬೇಕು ಎಂಬ ನಂಬಿಕೆಯೂ ಬಲಿಯಿತು. ಅದಕ್ಕೆ ಆಧಾರ ಸಿಕ್ಕಿದ್ದು ಕಾರ್ನಿಯಾದ ಹಿಂಬದಿಯ ಒಂದೇ ಸಾಲಿನ ಕಣಗಳಲ್ಲಿ. ಅವು ಕಾರ್ನಿಯಾದೊಳಗಿನ ನೀರನ್ನು ಸದಾ ಹೊರಹಾಕಿ ಅದನ್ನು ತಿಳಿಯಾಗಿಡುವ ಪಂಪುಗಳು. 1968ರಲ್ಲಿ ಡೇವಿಡ್ ಮಾರಿಸ್ ರೂಪಿಸಿದ ವಿಶೇಷ ಸೂಕ್ಷ್ಮದರ್ಶಕದಿಂದ ಅವನ್ನು ಎಣಿಸುವುದು ಸಾಧ್ಯವಾಯಿತು. ಈ ಕಣಗಳು ಮನುಷ್ಯರ ಕಣ್ಣಿನಲ್ಲಿ ಮತ್ತೆ ಹುಟ್ಟುವುದಿಲ್ಲವೆಂದೇ ಹೇಳಬೇಕು. ಒಂದು ಸತ್ತರೆ ನೆರೆಯದು ಅಗಲವಾಗಿ ಆ ಜಾಗ ತುಂಬುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇಕಡಾ 0.6ರಷ್ಟು ಕಡಿಮೆಯಾಗುತ್ತವೆ ಎಂದು 1997ರಲ್ಲಿ ಅಮೆರಿಕದ ವಿಲಿಯಂ ಬೋರ್ನ್ ಮತ್ತು ಜೊತೆಗಾರರು ಹತ್ತು ವರ್ಷದ ಅಂತರದಲ್ಲಿ ಅದೇ ಜನರನ್ನು ಪರೀಕ್ಷಿಸಿ ಬರೆದರು. ಕಾರ್ನಿಯಾದ ಮುಪ್ಪಿನಲ್ಲಿ ಹಿಂದಿರುಗಿ ಬಾರದ ನಷ್ಟ ಯಾವುದಾದರೂ ಇದ್ದರೆ ಅದು ಇದೇ.

ಹಾಗಿದ್ದರೆ ಮುದುಕರ ಕಾರ್ನಿಯಾ ಉಪಯೋಗಕ್ಕೆ ಬಾರದೇ? ಇದನ್ನು ತೀರ್ಮಾನಿಸಲು 2000ದಲ್ಲಿ ಅಮೆರಿಕದಲ್ಲಿ ದೊಡ್ಡ ಅಧ್ಯಯನವೊಂದು ಶುರುವಾಯಿತು. ಹಿಂಬದಿಯ ಪದರ ಕೆಟ್ಟ 1,090 ಮಂದಿಗೆ ಕಸಿ ಮಾಡಿ, ದಾನಿಗಳನ್ನು 12ರಿಂದ 65 ವರ್ಷದವರು, 66ರಿಂದ 75 ವರ್ಷದವರು ಎಂದು ಎರಡು ಗುಂಪು ಮಾಡಿದರು. 2008ರಲ್ಲಿ ಪ್ರಕಟವಾದ ಐದು ವರ್ಷದ ಫಲಿತಾಂಶದಲ್ಲಿ ಎರಡೂ ಗುಂಪಿನಲ್ಲಿ ಶೇಕಡಾ 86ರಷ್ಟು ಕಸಿಗಳು ಚೆನ್ನಾಗಿದ್ದವು. ಹತ್ತು ವರ್ಷದ ನಂತರ ಕಿರಿಯರವು ಶೇಕಡಾ 77, ಹಿರಿಯರವು ಶೇಕಡಾ 71. ತೀರಾ ಎಳೆಯ ಮತ್ತು ತೀರಾ ಹಿರಿಯ ದಾನಿಗಳ ನಡುವೆ ಅಂತರ ಕಂಡಿತೆಂಬುದನ್ನೂ ಮುಚ್ಚಿಡಬಾರದು. ಆದರೆ ಎಪ್ಪತ್ತರ ಆಸುಪಾಸಿನವರ ಕಣ್ಣು ಹತ್ತು ವರ್ಷ ಬೇರೊಬ್ಬರಿಗೆ ಬೆಳಕಾಗಿತ್ತು ಎಂಬುದು ಸಣ್ಣ ಮಾತಲ್ಲ.

ಕಸಿ ಮಾಡಿಸಿಕೊಳ್ಳುವವರ ವಯಸ್ಸಿನಲ್ಲೂ ಒಂದು ಪಾಠವಿದೆ. ಹಸುಗೂಸಿಗೆ ಕಸಿ ಮಾಡಿದರೆ ಹೊಲಿಗೆಯನ್ನು ಕೆಲವೇ ವಾರದಲ್ಲಿ ಬಿಚ್ಚಬೇಕಾಗುತ್ತದೆ, ಅಷ್ಟು ಬೇಗ ಗಾಯ ಮಾಯುತ್ತದೆ. ದೊಡ್ಡವರಲ್ಲಿ ಹೊಲಿಗೆ ವರ್ಷದವರೆಗೂ ಇರುವುದುಂಟು. ಆದರೆ ಬೇರೆಯವರ ಕಾರ್ನಿಯಾವನ್ನು ಹೊರದೂಡುವ ಆವೇಶವೂ ಮಕ್ಕಳ ದೇಹದಲ್ಲೇ ಹೆಚ್ಚು. ಬೇಗ ಮಾಯುವುದೊಂದೇ ಒಳ್ಳೆಯದಲ್ಲ. ನಿಧಾನಕ್ಕೂ ಅದರದೇ ಸಹನೆ ಇದೆ.

ನಮ್ಮ ಕಣ್ಣು ಯಾರಿಗೆ ಬೇಕು?

ಕಣ್ಣುದಾನದ ಮಾತೆತ್ತಿದರೆ ನಮ್ಮ ಹಿರಿಯರು ಎರಡು ಮಾತು ಹೇಳುತ್ತಾರೆ. ಒಂದು, ಈ ಮುದಿ ಕಣ್ಣು ಯಾರಿಗೆ ಬೇಕು? ಇನ್ನೊಂದು, ನಮ್ಮ ಧರ್ಮದಲ್ಲಿ ಅದಕ್ಕೆ ಅವಕಾಶವಿದೆಯೇ?

ಮೊದಲನೆಯದಕ್ಕೆ ಉತ್ತರ ಮೇಲಿನ ಅಧ್ಯಯನದಲ್ಲೂ ಇದೆ, ಕನ್ನಡಿಗರ ಕಣ್ಣೆದುರೂ ಇದೆ. 2006ರ ಏಪ್ರಿಲ್ 12ರಂದು ಡಾ. ರಾಜಕುಮಾರ್ ತೀರಿಕೊಂಡಾಗ ಅವರಿಗೆ 76 ವರ್ಷ. ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳ ಮುಂಬದಿಯನ್ನೂ ಹಿಂಬದಿಯನ್ನೂ ಬೇರ್ಪಡಿಸಿ ಬೆಂಗಳೂರಿನಲ್ಲಿ ನಾಲ್ವರಿಗೆ ಕೂರಿಸಲಾಯಿತು. ಹಿಂಬದಿಯ ಕಣಗಳು ಕಡಿಮೆಯಾದ ಹಿರಿಯರ ಕಾರ್ನಿಯಾದ ಮುಂಬದಿಯೂ ಹೀಗೆ ಉಪಯೋಗಕ್ಕೆ ಬರುತ್ತದೆ. ಯಾವುದು ಬಳಕೆಗೆ ತಕ್ಕದ್ದು ಎಂದು ತೀರ್ಮಾನಿಸುವುದು ನೇತ್ರಬ್ಯಾಂಕಿನವರ ಕೆಲಸ, ನಾವೇ ಮೊದಲು ತಿರಸ್ಕರಿಸುವುದು ಬೇಡ.

ಎರಡನೆಯ ಪ್ರಶ್ನೆ ಹಗುರವಾದದ್ದಲ್ಲ. ಮಯ್ಯತ್ತಿನ ಗೌರವವನ್ನು ನಮ್ಮ ಜನ ಜೀವದಷ್ಟೇ ದೊಡ್ಡದಾಗಿ ಕಾಣುತ್ತಾರೆ. ಉಪಖಂಡದ ಹಲವು ಉಲಮಾಗಳು, ಮುಖ್ಯವಾಗಿ ಮುಫ್ತಿ ಮುಹಮ್ಮದ್ ಶಫೀ ಸಾಹೇಬರು, ದೇಹ ಮನುಷ್ಯನ ಸ್ವತ್ತಲ್ಲ, ಅಮಾನತ್ತು ಎಂಬ ಕಾರಣದಿಂದ ಅಂಗಾಂಗ ಕಸಿಯನ್ನು ಒಪ್ಪಲಿಲ್ಲ. ಆ ಅಭಿಪ್ರಾಯವನ್ನು ಇಂದಿಗೂ ಗೌರವಿಸುವವರಿದ್ದಾರೆ. ಬೇರೆ ಕಡೆಯ ಉಲಮಾಗಳು ಬೇರೆ ತೀರ್ಮಾನಕ್ಕೆ ಬಂದರು. 1959ರಲ್ಲಿ ಈಜಿಪ್ಟಿನ ಮುಫ್ತಿ ಹಸನ್ ಮಾಮೂನ್ ಮೃತರ ಕಾರ್ನಿಯಾ ಬಳಸಲು ಅನುಮತಿ ಕೊಟ್ಟರು. 1982ರಲ್ಲಿ ಸೌದಿಯ ಹಿರಿಯ ಉಲಮಾಗಳ ಮಂಡಳಿ ಅಂಗದಾನಕ್ಕೆ ಷರತ್ತುಗಳೊಂದಿಗೆ ಒಪ್ಪಿತು. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಮೃತರ ಒಪ್ಪಿಗೆಯಿದ್ದರೆ ಅನುಮತಿಯಿದೆ ಎಂದಿತು. ರೋಗದ ಕಾರಣಕ್ಕೆ ತೆಗೆದ ಕಣ್ಣಿನ ಕಾರ್ನಿಯಾವನ್ನು ಬೇರೊಬ್ಬರಿಗೆ ಬಳಸುವುದನ್ನೂ ಅದು ಹೆಸರಿಸಿ ಒಪ್ಪಿದೆ. ಓಲೊಮೋತ್ಸ್‌ನ ಬಾಲಕನ ಕಣ್ಣು ಅಂಥದ್ದೇ ಆಗಿತ್ತು.

ಪಡೆಯುವ ಕಡೆಯಲ್ಲಿ ನಾವು ಎಂದೂ ಹಿಂದೆ ಬಿದ್ದಿಲ್ಲ ಎಂಬುದನ್ನೂ ಹೇಳಬೇಕು. ಹಡ್ಸನ್ ಸಿಲ್ವಾ 1961ರಲ್ಲಿ ಕಟ್ಟಿದ ಶ್ರೀಲಂಕಾದ ಕಣ್ಣುದಾನ ಸಂಘ ದಶಕಗಳ ಕಾಲ ಬೇರೆ ದೇಶಗಳಿಗೆ ಕಾರ್ನಿಯಾ ಕಳಿಸಿತು. ಸಾವಿರಾರು ಕಾರ್ನಿಯಾಗಳು ಪಾಕಿಸ್ತಾನಕ್ಕೆ ಹೋದವು. ಬೌದ್ಧರು ಕೊಟ್ಟ ಕಣ್ಣಿನಿಂದ ಮುಸ್ಲಿಮರು ಕುರ್‌ಆನ್ ಓದಿದರು. ಪಡೆಯುವುದು ಸರಿಯಾದರೆ ಕೊಡುವುದರ ಬಗ್ಗೆ ನಮ್ಮ ಉಲಮಾಗಳ ಜೊತೆ ಕೂತು ಮನಬಿಚ್ಚಿ ಮಾತಾಡುವ ಹೊಣೆ ನಮ್ಮ ಮೇಲಿದೆ. ತೀರ್ಮಾನ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಆದರೆ ತಿಳಿಯದೆ ತೀರ್ಮಾನಿಸುವುದು ಬೇಡ. ತೀರಿಕೊಂಡ ಆರು ಗಂಟೆಯೊಳಗೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಇದು. ಮುಖ ವಿಕಾರವಾಗುವುದಿಲ್ಲ, ಜನಾಝಾ ತಡವಾಗುವುದಿಲ್ಲ. ಮನೆಯವರು ಮಾಡಬೇಕಾದ್ದು ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡುವುದು, ಫ್ಯಾನು ನಿಲ್ಲಿಸುವುದು, ತಲೆಗೆ ದಿಂಬು ಕೊಡುವುದು, ಕೂಡಲೇ ನೇತ್ರಬ್ಯಾಂಕಿಗೆ ಫೋನ್ ಮಾಡುವುದು.

ನಮ್ಮ ಅಜ್ಜಿ ಆ ಸುಗ್ಗಿಯ ನಂತರವೂ ಹನ್ನೊಂದು ವರ್ಷ ಬದುಕಿದ್ದರು. ಒಂದೇ ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದರು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅವರಿಗೆ ವಯಸ್ಸಾಯಿತು ಎಂದು ನಾವು ಕೈಬಿಟ್ಟ ದಿನಕ್ಕೆ ಅವರ ಮುಂದೆ ಹನ್ನೊಂದು ವರ್ಷ ಬಾಕಿ ಇತ್ತು. ಆ ಲೆಕ್ಕ ಅಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.